ಒಂದು ಗೋಲಿನ ಗೆಲುವು

‘ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆಯನ್ನು ನಮ್ಮ ಹಿರಿಯರು ಕೋರ್ಟು ಕಚೇರಿ ಅಲೆದು ಬಸವಳಿದವರನ್ನು ಕಂಡು ಕಟ್ಟಿರಬೇಕು. ಆದರೆ ಕಾಲ್ಚೆಂಡಿನ ಕಪ್ಪು ಗೆದ್ದವರ ಬಗ್ಗೆ ಜಗಲಿಯ ಮೇಲೆ ನಡೆಯುವ ಪಂಚಾಯಿತಿ ಕಿವಿಗೆ ಬಿದ್ದಾಗಲೆಲ್ಲ ನನಗೆ ನೆನಪಾಗುವುದು ಇದೇ ಗಾದೆ. ಸೋತವರನ್ನು ನಮ್ಮ ಜನ ಬಹಳ ಬೇಗ ಕ್ಷಮಿಸಿಬಿಡುತ್ತಾರೆ. ‘ಪಾಪ, ಚೆನ್ನಾಗಿ ಆಡಿದರು, ಹಣೆಯಲ್ಲಿ ಬರೆದಿರಲಿಲ್ಲ’ ಎಂದು ಎಲೆಯಡಿಕೆ ಹಾಕಿಕೊಂಡು ಏಳುತ್ತಾರೆ. ಗೆದ್ದವರ ಪಾಡು ಹಾಗಲ್ಲ. ಅದರಲ್ಲೂ ಕೂದಲೆಳೆಯ ಅಂತರದಲ್ಲಿ ಗೆದ್ದರಂತೂ ಮುಗಿಯಿತು. ‘ಅದೂ ಒಂದು ಗೆಲುವೇ?’ ಎಂಬ ಪ್ರಶ್ನೆ ವಾರಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಜಗಲಿ ಬಿಟ್ಟು ಇಳಿಯುವುದಿಲ್ಲ.

ನನ್ನ ತವರು ಕೊಕ್ಕರೆ ಬೆಳ್ಳೂರು. ಮದ್ದೂರು ತಾಲ್ಲೂಕಿನಲ್ಲಿ, ಶಿಂಷಾ ಹೊಳೆಗೆ ಹತ್ತಿರದಲ್ಲಿರುವ ಈ ಊರಿನ ಹೆಸರು ಹೇಳಿದರೆ ಎಲ್ಲರೂ ಹಕ್ಕಿಗಳ ವಿಚಾರ ಕೇಳುತ್ತಾರೆಯೇ ಹೊರತು ಆಟದ ವಿಚಾರವನ್ನಲ್ಲ. ಕೇಳಿದರೂ ನಮ್ಮದು ಕಬಡ್ಡಿ ಸೀಮೆ. ಕಬ್ಬಿನ ಗದ್ದೆಯ ಪಕ್ಕ ಒಂದಿಷ್ಟು ಬಯಲು ಸಿಕ್ಕರೆ ಹುಡುಗರು ಗೆರೆ ಎಳೆದು ತೊಡೆ ತಟ್ಟುತ್ತಾರೆ. ಕಾಲ್ಚೆಂಡು ನಮ್ಮ ಮನೆಗೆ ಬಂದದ್ದು ಬೆಂಗಳೂರಿನ ಬಸ್ಸಿನಲ್ಲಿ, ಚಿಕ್ಕಪ್ಪನ ಜೊತೆಗೆ. ಅವರು ಅಲ್ಲಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಹಬ್ಬಕ್ಕೆ ಬರುವಾಗ ಮಕ್ಕಳಿಗೆ ಬಿಸ್ಕತ್ತು, ಅಜ್ಜಿಗೆ ನಶ್ಯ, ನಮ್ಮ ಅಪ್ಪನಿಗೆ ವಾದ ಮಾಡಲು ಒಂದು ವಿಷಯ, ಈ ಮೂರನ್ನೂ ತಪ್ಪದೆ ತರುತ್ತಿದ್ದರು. 1968-69ರಲ್ಲಿ ತಂದ ವಿಷಯ ಸಂತೋಷ್ ಟ್ರೋಫಿ. ನನಗಾಗ ಹತ್ತು ವರ್ಷ.

‘ಸಂತೋಷದ ಕಪ್ಪು ಅಂದ್ರೆ ಒಳ್ಳೇ ಹೆಸರೇ ಬುಡು’ ಎಂದು ಅಜ್ಜಿ ಹೇಳಿದ್ದಳು. ಆ ಹೆಸರಿಗೂ ನಮ್ಮ ಸಂತೋಷಕ್ಕೂ ಸಂಬಂಧವಿಲ್ಲ. ಸಂತೋಷ್ ಎಂಬುದು ಅವಿಭಜಿತ ಬಂಗಾಳದ ಒಂದು ಜಮೀನ್ದಾರಿಯ ಹೆಸರು. ಆ ಊರು ಈಗ ಬಾಂಗ್ಲಾದೇಶದಲ್ಲಿದೆ. ಅಲ್ಲಿನ ಮಹಾರಾಜ ಮನ್ಮಥನಾಥ ರಾಯ್ ಚೌಧುರಿ ಬಂಗಾಳದ ಕಾಲ್ಚೆಂಡು ಸಂಸ್ಥೆಯ ಅಧ್ಯಕ್ಷರಾಗಿದ್ದವರು. ಅವರ ನೆನಪಿನಲ್ಲಿ 1941ರಲ್ಲಿ ಪ್ರಾಂತ್ಯ ಪ್ರಾಂತ್ಯಗಳ ನಡುವಿನ ಈ ಪಂದ್ಯಾವಳಿ ಶುರುವಾಯಿತು. ಇದರ ಕಪ್ಪುಗಳ ಕಥೆಯೇ ಸ್ವಾರಸ್ಯವಾಗಿದೆ. ಗೆದ್ದವರ ಕಪ್ಪು ಒಬ್ಬ ರಾಜನ ಊರಿನ ಹೆಸರಿನದು. ಫೈನಲ್ಲಿನಲ್ಲಿ ಸೋತವರ ಕಪ್ಪಿಗೆ ಕಮಲಾ ಗುಪ್ತಾ ಎಂಬ ಹೆಣ್ಣುಮಗಳ ಹೆಸರು. ಡಾಕ್ಟರೊಬ್ಬರು ತಮ್ಮ ಹೆಂಡತಿಯ ಹೆಸರಿನಲ್ಲಿ ಕೊಟ್ಟದ್ದು. ಮೂರನೆಯವರ ಕಪ್ಪು ನಮ್ಮ ಮೈಸೂರು ಸಂಸ್ಥಾನದ ಹೆಸರಾಂತ ಆಟಗಾರ ಸಂಪಂಗಿಯವರ ನೆನಪಿಗೆ. ರಾಜ ಮೊದಲು, ಹೆಂಗಸು ಎರಡನೆಯದು, ನಮ್ಮವನು ಮೂರನೆಯವನು! ಲೋಕದ ಸಾಲು ಇದೇ ತಾನೆ ಎಂದು ನಗುತ್ತೀರೇನೋ, ನಕ್ಕುಬಿಡಿ.

ಮೈಸೂರು ಮೊದಲ ಸಲ ಈ ಕಪ್ಪನ್ನು ಎತ್ತಿದ್ದು 1946-47ರಲ್ಲಿ, ಬೆಂಗಳೂರಿನಲ್ಲಿ. ಎದುರಿಗಿದ್ದದ್ದು ಬಂಗಾಳ. ಮೊದಲ ದಿನ ಪಂದ್ಯ ಸಮಸಮವಾಯಿತು. ಮತ್ತೆ ಆಡಿದಾಗ ಮೈಸೂರಿಗೆ ಎರಡು, ಬಂಗಾಳಕ್ಕೆ ಒಂದು. ದೇಶಕ್ಕೆ ಇನ್ನೂ ಸ್ವಾತಂತ್ರ್ಯ ಬಂದಿರಲಿಲ್ಲ, ನಮ್ಮದು ಅರಸರ ಸಂಸ್ಥಾನ. ಬೆಂಗಳೂರೇ ಆಗ ಎರಡು ಹೋಳು. ಪೇಟೆ ಮಹಾರಾಜರದು, ದಂಡು ಬ್ರಿಟಿಷರ ಕೈಯಲ್ಲಿತ್ತು. ದಂಡು ಮೈಸೂರಿಗೆ ಮರಳಿದ್ದು 1947ರಲ್ಲಿ. ಕಾಲ್ಚೆಂಡನ್ನು ನಮ್ಮ ನೆಲಕ್ಕೆ ತಂದದ್ದು ಆ ದಂಡಿನ ಸೋಲ್ಜರುಗಳೇ. ಅವರ ಆಟವನ್ನು ಬೇಲಿಯಾಚೆ ನಿಂತು ನೋಡಿ, ಬರಿಗಾಲಿನಲ್ಲಿ ಕಲಿತವರು ಹಲಸೂರು, ಆಸ್ಟಿನ್ ಟೌನು, ಗೌತಮಪುರದ ಕಡೆಯ ಬಡವರ ಮಕ್ಕಳು. ಮನೆಯಲ್ಲಿ ತಮಿಳೋ ಉರ್ದುವೋ ಆಡುತ್ತಿದ್ದ ಆ ಹುಡುಗರು ಮೈಸೂರಿನ ಹೆಸರನ್ನು ಎದೆಯ ಮೇಲೆ ಹಾಕಿಕೊಂಡು ಆಡಿದರು. ಗೌತಮಪುರದಲ್ಲಿ ಇಂದಿಗೂ ಬ್ರೆಜಿಲಿನ ಪೆಲೆಯ ಪ್ರತಿಮೆ ಇದೆ.

ಎರಡನೆಯ ಗೆಲುವು 1952-53ರದು. ಮತ್ತೆ ಬೆಂಗಳೂರು, ಮತ್ತೆ ಬಂಗಾಳ, ಮತ್ತೆ ಮೊದಲ ದಿನ ಸಮಸಮ. ಮರುಪಂದ್ಯದಲ್ಲಿ ಒಂದೇ ಒಂದು ಗೋಲು. ಸ್ವಾತಂತ್ರ್ಯ ಬಂದಿತ್ತು, ಏಕೀಕರಣ ಆಗಿರಲಿಲ್ಲ. ಮೂರನೆಯದು 1967-68ರಲ್ಲಿ ಕಟಕ್‌ನಲ್ಲಿ, ಬಂಗಾಳದ ಮೇಲೆ 1-0. ಅಷ್ಟು ಹೊತ್ತಿಗೆ ಬೀದರಿನಿಂದ ಚಾಮರಾಜನಗರದವರೆಗಿನ ವಿಶಾಲ ಮೈಸೂರು ಆಗಿತ್ತು. ನಾಲ್ಕನೆಯದೇ ಚಿಕ್ಕಪ್ಪ ಹೊತ್ತು ತಂದ 1968-69ರ ಗೆಲುವು. ಬೆಂಗಳೂರಿನಲ್ಲಿ ಬಂಗಾಳದ ಎದುರು ಮೊದಲ ದಿನ ಇತ್ಯರ್ಥವಾಗದೆ, ಮತ್ತೆ ಆಡಿ, 1-0.

ಚಿಕ್ಕಪ್ಪ ಆ ಆಟಕ್ಕೆ ಹೋಗಿದ್ದರು. ಚೆಂಡಿಗಿಂತ ಮುಂದಿನವರ ತಲೆಗಳನ್ನೇ ಹೆಚ್ಚು ಕಂಡಿದ್ದಂತೆ ಅವರ ವರ್ಣನೆಯಿಂದ ತೋರುತ್ತಿತ್ತು. ಆದರೂ ಜಗಲಿಯ ಮೇಲೆ ನಡುವಿಗೆ ಟವೆಲು ಬಿಗಿದು ಆಟವನ್ನೆಲ್ಲ ಆಡಿ ತೋರಿಸಿದರು. ಅಪ್ಪ ಬೀಡಿ ಆರಿಸಿ ಕೇಳಿದರು.

‘ಮೊದಲ್ನೇ ದಿನ ಯಾಕ್ಲಾ ಗೆಲ್ಲಾಕಾಗ್ನಿಲ್ಲ?’

‘ಎದುರಿಗಿದ್ದೋರು ಬಂಗಾಳದೋರು ಕಣಣ್ಣ.’

‘ಎರಡು ದಿನ ಆಡಿ ಒಂದು ಗೋಲು. ನಮ್ಮೂರು, ನಮ್ಮ ಬಯಲು, ಕೂಗೋರೆಲ್ಲ ನಮ್ಮೋರು. ಅದೃಷ್ಟ ಅನ್ನು, ಗೆಲುವು ಅನ್ಬ್ಯಾಡ.’

‘ಗೆದ್ದದ್ದು ಗೆದ್ದಂಗೇ ಕಣಣ್ಣ. ಕಪ್ಪಿನ ಮ್ಯಾಲೆ ಎಷ್ಟು ಗೋಲು ಅಂತ ಕೆತ್ತಾಕಿಲ್ಲ.’

ಹೀಗೆ ಶುರುವಾದದ್ದು ಊರಿನವರೆಲ್ಲ ಸೇರಿ ಎರಡು ಪಕ್ಷವಾಯಿತು. ಕಾಲ್ಚೆಂಡನ್ನು ಕಣ್ಣಿಂದ ನೋಡದವರೂ ತೀರ್ಪು ಕೊಟ್ಟರು. ಒಬ್ಬರು ಕಬಡ್ಡಿಯ ಲೆಕ್ಕ ತಂದು, ಒಂದು ಪಾಯಿಂಟಿನಲ್ಲಿ ಗೆದ್ದವನು ಊರೊಳಗೆ ತಲೆಯೆತ್ತಿ ಬರುವುದಿಲ್ಲ ಎಂದರು. ಆಗ ಒಳಗೆ ರಾಗಿ ಕೇರುತ್ತಿದ್ದ ಅಜ್ಜಿ ಮೊರವನ್ನು ಕೆಳಗಿಡದೆಯೇ ಒಂದು ಮಾತು ಹೇಳಿದಳು: ‘ನಿಮ್ಮಪ್ಪ ಹೋದ ವರ್ಸ, ಸುಗ್ಗಿ ಬರೋ ಹೊತ್ಗೆ ವಾಡೇಲಿ ಒಂದು ಕೊಳಗ ರಾಗಿ ಉಳಿದಿತ್ತು. ನಾನು ಗೆದ್ದೆ ಅಂದ್ಕೊಂಡೆ. ಅದು ಗೆಲುವೋ ಅಲ್ವೋ ಅಂತ ಯಾರೂ ಜಗಳಾಡ್ನಿಲ್ಲ ಕಣ್ರಪ್ಪ.’

ಯಾರೂ ಉತ್ತರ ಕೊಡಲಿಲ್ಲ. ಅಪ್ಪ ಬೀಡಿ ಹಚ್ಚಿದರು, ಚಿಕ್ಕಪ್ಪ ಟವೆಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡರು. ಆ ಮಾತಿನ ತೂಕ ಗೊತ್ತಾಗಲು ನನಗೆ ನಾಲ್ಕಾರು ದಶಕ ಸಂಸಾರ ಮಾಡಬೇಕಾಯಿತು.

ಅಪ್ಪನ ವಾದದಲ್ಲಿ ಹುರುಳಿರಲಿಲ್ಲ ಎಂದು ಹೇಳಲಾರೆ. ಆದರೆ ಕಾಲ್ಚೆಂಡಿನ ಗಣಿತವೇ ಬೇರೆ. ಕ್ರಿಕೆಟ್ಟಿನಲ್ಲಿ ನೂರಾರು ರನ್ನು, ಕಬಡ್ಡಿಯಲ್ಲಿ ಹತ್ತಾರು ಪಾಯಿಂಟು. ಇಲ್ಲಿ ಇಪ್ಪತ್ತೆರಡು ಜನ ಒಂದೂವರೆ ಗಂಟೆ ಬೆವರು ಸುರಿಸಿದರೂ ಒಂದು ಗೋಲೂ ಆಗದಿರಬಹುದು. ಇಷ್ಟು ಅಪರೂಪದ ಪದಾರ್ಥವಾದ್ದರಿಂದ ಒಂದು ಗೋಲಿಗೆ ಅಷ್ಟು ಬೆಲೆ. ಅಷ್ಟೇ ಅನುಮಾನ ಕೂಡ. ಚೆನ್ನಾಗಿ ಆಡಿದವರೇ ಗೆಲ್ಲಬೇಕೆಂಬ ಕಟ್ಟಳೆ ಈ ಆಟಕ್ಕಿಲ್ಲ. ಚೆಂಡು ಯಾರದೋ ಮೊಣಕಾಲಿಗೆ ತಾಗಿ ಬಲೆಗೆ ಬಿದ್ದರೂ ಗೋಲು ಗೋಲೇ. ಆ ಕಾಲಕ್ಕೆ ಫೈನಲ್ಲು ಸಮಸಮವಾದರೆ ಈಗಿನಂತೆ ಅಲ್ಲೇ ಪೆನಾಲ್ಟಿ ಒದ್ದು ತೀರ್ಮಾನಿಸುತ್ತಿರಲಿಲ್ಲ, ಇನ್ನೊಂದು ದಿನ ಮತ್ತೆ ಆಡಿಸುತ್ತಿದ್ದರು. ಹಾಗಾಗಿ ಆ ಒಂದು ಗೋಲು ಎರಡು ದಿನದ ದುಡಿಮೆಯ ಕೂಲಿ. ಅದನ್ನು ಬರೀ ಅದೃಷ್ಟವೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಇನ್ನೊಂದು ವಿಚಿತ್ರವಿದೆ. ಸಣ್ಣ ಅಂತರವಾದರೂ ಯಾರೂ ಪ್ರಶ್ನಿಸದ ಗೆಲುವುಗಳೂ ಇವೆ. 1911ರ ಜುಲೈ 29ರಂದು ಕಲ್ಕತ್ತೆಯಲ್ಲಿ ಮೋಹನ್ ಬಾಗಾನ್ ತಂಡ ಬ್ರಿಟಿಷ್ ಸೈನ್ಯದ ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟನ್ನು ಸೋಲಿಸಿ ಐಎಫ್‌ಎ ಶೀಲ್ಡು ಗೆದ್ದದ್ದೂ 2-1ರಿಂದಲೇ. ನಮ್ಮ ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ಬೊಂಬಾಯಿಯ ರೋವರ್ಸ್ ಕಪ್ಪು ಗೆದ್ದದ್ದು ಮೊಹಮ್ಮಡನ್ ಸ್ಪೋರ್ಟಿಂಗ್ ಮೇಲೆ 1-0ಯಿಂದ. 1891ರಲ್ಲಿ ಶುರುವಾಗಿ ಅಲ್ಲಿಯವರೆಗೆ ಬಿಳಿಯರ ಪಲ್ಟನ್ನುಗಳ ಮನೆಯ ಸೊತ್ತಿನಂತಿದ್ದ ಆ ಕಪ್ಪನ್ನು ಭಾರತೀಯರ ತಂಡವೊಂದು ಗೆದ್ದದ್ದು ಅದೇ ಮೊದಲು. ಮರುವರ್ಷವೂ ಅವರೇ ಗೆದ್ದರು. ಹಾಗೆಯೇ ಯಾರೂ ಹಂಗಿಸದ ಸೋಲೂ ಇದೆ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸಿನ ಎದುರು 1-2ರಿಂದ ಸೋತಿತು. ಎರಡು ಪೆನಾಲ್ಟಿಗಳನ್ನು ಕಳೆದುಕೊಂಡು, ಕಡೇ ಗಳಿಗೆಯಲ್ಲಿ ಗೋಲು ಬಿಟ್ಟುಕೊಟ್ಟು ಸೋತದ್ದು. ಅಂದು ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದವರು ನಮ್ಮ ಬೆಂಗಳೂರಿನ ಸಾರಂಗಪಾಣಿ ರಾಮನ್. ನಮ್ಮವರಲ್ಲಿ ಬಹುಮಂದಿ ಬರಿಗಾಲಿನಲ್ಲಿ ಆಡಿದರು ಎಂಬುದನ್ನೇ ಇಂದಿಗೂ ಹೆಮ್ಮೆಯಿಂದ ಹೇಳುತ್ತಾರೆ. ಎದುರಾಳಿ ದೊಡ್ಡವನಾಗಿದ್ದರೆ ಸಣ್ಣ ಗೆಲುವೂ ದೊಡ್ಡದು, ಸೋಲೂ ದೊಡ್ಡದು ಎಂದಾಯಿತಲ್ಲವೇ? ಅಳತೆಗೋಲು ಗೋಲಿನ ಲೆಕ್ಕದಲ್ಲಿಲ್ಲ, ನೋಡುವವರ ನಿರೀಕ್ಷೆಯಲ್ಲಿದೆ.

1968-69ರ ನಂತರ ನಮಗೆ ಆ ಕಪ್ಪು ಒಲಿಯಲಿಲ್ಲ. 1973ರ ನವೆಂಬರ್ 1ರಂದು ರಾಜ್ಯದ ಹೆಸರು ಕರ್ನಾಟಕವಾಯಿತು. 1975-76ರಲ್ಲಿ ಕೋಳಿಕ್ಕೋಡಿನ ಫೈನಲ್ಲಿಗೆ ಹೋಗಿ ಬಂಗಾಳಕ್ಕೆ ಸೋತೆವು. ಬಂಗಾಳವಾದರೋ ಮೂವತ್ತಕ್ಕೂ ಹೆಚ್ಚು ಬಾರಿ ಗೆದ್ದು ಆ ಕಪ್ಪನ್ನು ಮನೆಮಗಳ ಹಾಗೆ ಕರೆದುಕೊಂಡು ಹೋಗುತ್ತಿತ್ತು. ಚಿಕ್ಕಪ್ಪ ನಿವೃತ್ತರಾಗಿ ಊರಿಗೆ ಬಂದರು. ಟೆಲಿವಿಷನ್ ಬಂದಿತು, ಕ್ರಿಕೆಟ್ಟು ಎಲ್ಲ ಜಗಲಿಗಳನ್ನೂ ಹಿಡಿದುಕೊಂಡಿತು. ‘ಒಂದು ಗೋಲು’ ಎಂಬುದು ನಮ್ಮ ಮನೆಯಲ್ಲಿ ಚಿಕ್ಕಪ್ಪನನ್ನು ರೇಗಿಸಲಿಕ್ಕೆ ಮಾತ್ರ ಬಳಸುವ ಮಾತಾಗಿ ಉಳಿಯಿತು. ಇನ್ನೊಂದು ಗೆಲುವನ್ನು ನೋಡದೆಯೇ ಅವರು ಹೋದರು.

ಆ ಗೆಲುವು ಬಂದದ್ದು 2023ರ ಮಾರ್ಚ್ 4ರಂದು, ಐವತ್ತನಾಲ್ಕು ವರ್ಷಗಳ ಮೇಲೆ. ಎಲ್ಲಿ ಅಂತೀರಿ? ಸೌದಿ ಅರೇಬಿಯಾದ ರಿಯಾದ್‌ನಲ್ಲಿ! ಸಂತೋಷ್ ಟ್ರೋಫಿಯ ಕೊನೆಯ ಪಂದ್ಯಗಳನ್ನು ಮೊದಲ ಬಾರಿಗೆ ದೇಶದ ಹೊರಗೆ ಆಡಿಸಿದ ವರ್ಷ ಅದು. ಸೆಮಿಫೈನಲ್ಲಿನಲ್ಲಿ ಸರ್ವಿಸಸ್ ತಂಡವನ್ನು 3-1ರಿಂದ ಸೋಲಿಸಿ ಬಂದ ಕರ್ನಾಟಕಕ್ಕೆ ಫೈನಲ್ಲಿನಲ್ಲಿ ಎದುರಾದದ್ದು ಮೇಘಾಲಯ. ನಾನು ಆಗ ತವರಿನಲ್ಲಿದ್ದೆ. ಹುಣಸೇಮರದ ತುಂಬ ಹೆಜ್ಜಾರ್ಲೆಗಳು ಗೂಡು ಕಟ್ಟಿದ್ದ ಕಾಲ. ಅಣ್ಣನ ಮಗ ಬೆಂಗಳೂರಿನಿಂದ ಬಂದಿದ್ದ. ರಾತ್ರಿ ಅವನ ಮೊಬೈಲನ್ನು ಸೇರಿನ ಮೇಲೆ ಒರಗಿಸಿಟ್ಟು ನಾವು ನಾಲ್ಕಾರು ಮಂದಿ ಸುತ್ತ ಕೂತೆವು.

ಆಟ ಶುರುವಾಗಿ ಐದು ನಿಮಿಷ ಕಳೆಯುವ ಮೊದಲೇ ಸುನೀಲ್ ಕುಮಾರ್ ಗೋಲು ಹೊಡೆದರು. ಮೇಘಾಲಯದವರು ಪೆನಾಲ್ಟಿಯಲ್ಲಿ ಸಮ ಮಾಡಿದರು. ಆಮೇಲೆ ಬೆಕೆ ಓರಾಮ್ ಒಂದು, ವಿರಾಮಕ್ಕೆ ಸ್ವಲ್ಪ ಮುಂಚೆ ರಾಬಿನ್ ಯಾದವ್ ಫ್ರೀಕಿಕ್‌ನಲ್ಲಿ ಇನ್ನೊಂದು. ಅರ್ಧ ಆಟಕ್ಕೆ 3-1. ಅಣ್ಣ ‘ಇನ್ನೇನು, ಮುಗೀತು’ ಎಂದು ಎದ್ದು ಮೈಮುರಿದ. ಮುಗಿದಿರಲಿಲ್ಲ. ಸುಮಾರು ಒಂದು ಗಂಟೆಯ ಆಟವಾದಾಗ ಮೇಘಾಲಯ ಇನ್ನೊಂದು ಗೋಲು ಹೊಡೆದು 3-2 ಮಾಡಿತು. ಅಲ್ಲಿಂದ ಮುಂದಿನ ಅರ್ಧ ಗಂಟೆ ಹಾಲು ಉಕ್ಕುವುದನ್ನು ಕಾಯುವವರಂತೆ ಕೂತಿದ್ದೆವು. ಕಣ್ಣು ತೆಗೆಯುವ ಹಾಗಿಲ್ಲ, ಮಾಡುವುದಕ್ಕೂ ಏನೂ ಇಲ್ಲ. ಕೊನೆಗೆ ಸೀಟಿ ಊದಿದರು. ಕರ್ನಾಟಕ ಗೆದ್ದಿತು.

ಒಂದು ಗೋಲಿನಿಂದ!

ಲೆಕ್ಕ ಹಾಕಿ ನೋಡಿ. 1946-47ರಲ್ಲಿ 2-1, 1952-53ರಲ್ಲಿ 1-0, 1967-68ರಲ್ಲಿ 1-0, 1968-69ರಲ್ಲಿ 1-0, 2023ರಲ್ಲಿ 3-2. ಐದು ಗೆಲುವು, ಐದಕ್ಕೂ ಒಂದೇ ಗೋಲಿನ ಅಂತರ. ಅರಸರ ಸಂಸ್ಥಾನ, ಸ್ವತಂತ್ರ ಭಾರತದ ಮೈಸೂರು, ವಿಶಾಲ ಮೈಸೂರು, ಕರ್ನಾಟಕ, ಹೀಗೆ ನಾಡಿನ ಚರಿತ್ರೆಯ ನಾಲ್ಕು ಘಟ್ಟಗಳಲ್ಲೂ ನಾವು ಗೆದ್ದಿದ್ದೇವೆ. ಒಮ್ಮೆಯೂ ಎದುರಾಳಿಯನ್ನು ಚಿಂದಿ ಮಾಡಿ ಗೆಲ್ಲಲಿಲ್ಲ. ‘ಕರ್ನಾಟಕ’ ಎಂಬ ಹೆಸರು ಆ ಕಪ್ಪಿಗೆ ಸೇರಿದ್ದು ಇದೇ ಮೊದಲು ಎಂಬುದನ್ನೂ ಮರೆಯಬಾರದು.

ಆದರೆ ಸೀಟಿ ಊದಿದ ಕ್ಷಣದಿಂದಲೇ ನಮ್ಮ ಜಗಲಿಯಲ್ಲಿ ಹಳೆಯ ಆಟ ಹೊಸದಾಗಿ ಶುರುವಾಯಿತು. ‘ಮೂರು-ಒಂದು ಇದ್ದದ್ದನ್ನ ಹೀಗೆ ಒದ್ದಾಡಿ ಗೆಲ್ಲೋದಾ?’ ಎಂದು ಅಣ್ಣ. ಅವನ ದನಿಯಲ್ಲಿ ಅಪ್ಪನೇ ಮಾತಾಡಿದಂತಾಯಿತು. ‘ಮೇಘಾಲಯ ಫೈನಲ್ಲಿಗೆ ಬಂದಿರೋದೇ ಮೊದಲ ಸಲ. ಬಂಗಾಳ ಎದುರಿಗಿದ್ದಿದ್ರೆ ಗೊತ್ತಾಗ್ತಿತ್ತು.’ ಅಣ್ಣನ ಮಗ ಬಿಡಲಿಲ್ಲ. ‘ಬರದೆ ಇದ್ದೋರನ್ನ ಸೋಲಿಸೋಕಾಗುತ್ತಾಪ್ಪ? ಎದುರಿಗೆ ನಿಂತೋರನ್ನ ತಾನೆ ಸೋಲಿಸ್ಬೇಕು?’ ಚಿಕ್ಕಪ್ಪನ ಕಪ್ಪಿನ ಮೇಲಿನ ಕೆತ್ತನೆಯ ಮಾತನ್ನು ನಾನೇ ಅವನಿಗೆ ಹೇಳಿಕೊಟ್ಟೆ. ಅತ್ತಿಗೆ ಮಾತ್ರ, ‘ಗೆದ್ದಿದ್ದಾರೆ, ಸುಮ್ಮನೆ ಒಂದಿಷ್ಟು ಸಂತೋಷಪಡಿ’ ಎಂದು ಒಳಗೆ ಹೋಗಿ ಎಲ್ಲರಿಗೂ ಕಾಫಿಗಿಟ್ಟಳು.

ನಾಲ್ಕು ತಿಂಗಳು ಕಳೆದಿರಲಿಲ್ಲ, ಅದೇ ವಾದ ಇನ್ನೂ ದೊಡ್ಡದಾಗಿ ಬಂದಿತು. 2023ರ ಜುಲೈ 4ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸ್ಯಾಫ್ ಕಪ್ಪಿನ ಫೈನಲ್ಲು, ಭಾರತಕ್ಕೆ ಎದುರಾಗಿ ಅತಿಥಿಯಾಗಿ ಬಂದಿದ್ದ ಕುವೈತ್. ಕುವೈತ್ ಮೊದಲು ಗೋಲು ಹೊಡೆಯಿತು, ಛಾಂಗ್ಟೆ ಸಮ ಮಾಡಿದರು. ಹೆಚ್ಚಿನ ಅವಧಿಯಲ್ಲೂ ಗೋಲಾಗದೆ ಪೆನಾಲ್ಟಿಗೆ ಬಂದಿತು. ಐದೈದು ಒದೆತಗಳಾದ ಮೇಲೂ ನಾಲ್ಕು-ನಾಲ್ಕು. ಆರನೆಯದನ್ನು ಮಹೇಶ್ ಸಿಂಗ್ ಬಲೆಗೆ ಹಾಕಿದರು; ಕುವೈತ್ ನಾಯಕನ ಒದೆತವನ್ನು ಗೋಲಿ ಗುರುಪ್ರೀತ್ ಸಂಧು ಹಾರಿ ತಡೆದರು. ಭಾರತಕ್ಕೆ ಒಂಬತ್ತನೆಯ ಸ್ಯಾಫ್ ಕಿರೀಟ. ಸೆಮಿಫೈನಲ್ಲಿನಲ್ಲೂ ಲೆಬನಾನನ್ನು ಸೋಲಿಸಿದ್ದು ಪೆನಾಲ್ಟಿಯಲ್ಲೇ. ‘ಎರಡು ಪಂದ್ಯ, ಆಡಿ ಗೆದ್ದದ್ದು ಒಂದೂ ಇಲ್ಲ’ ಎಂದವರು ಕೆಲವರು. ‘ಪೆನಾಲ್ಟಿ ಒದೆಯೋದೂ ಆಟವೇ, ಆ ಹೊತ್ತಿನಲ್ಲಿ ಕಾಲು ನಡುಗದಿರೋದೇ ದೊಡ್ಡ ಆಟ’ ಎಂದವರು ಕೆಲವರು. ಮಂಡ್ಯದ ನಮ್ಮ ಬೀದಿಯಲ್ಲಿ ತರಕಾರಿ ಗಾಡಿಯವನೂ ಬೆಳಿಗ್ಗೆ ಒಂದು ಪಕ್ಷ ಹಿಡಿದಿದ್ದ.

ಈ ವಾದಗಳನ್ನೆಲ್ಲ ಬಾಗಿಲಿನ ಈಚೆಯಿಂದ ಅರ್ಧ ಶತಮಾನ ಕೇಳಿದ ಮೇಲೆ ನನಗೆ ಒಂದು ವಿಷಯ ಹೊಳೆದಿದೆ. ಗೆಲುವಿನ ಬಗ್ಗೆ ಜಗಳವಾಡುವುದು ಅದನ್ನು ಹೀಗಳೆಯಲಿಕ್ಕಲ್ಲ, ನೆನಪಿಟ್ಟುಕೊಳ್ಳಲಿಕ್ಕೆ. ಐದು-ಸೊನ್ನೆಯಲ್ಲಿ ಗೆದ್ದಿದ್ದರೆ ಅಪ್ಪ, ಚಿಕ್ಕಪ್ಪ ಒಂದು ದಿನ ನಕ್ಕು ಮರೆತುಬಿಡುತ್ತಿದ್ದರು. ಅದು ಒಂದು-ಸೊನ್ನೆಯಾದ್ದರಿಂದ 1968-69ರ ಕಪ್ಪು ನಮ್ಮ ಮನೆಯಲ್ಲಿ ಐವತ್ತು ವರ್ಷ ಬದುಕಿತು. ದಾಖಲೆಯ ಪುಸ್ತಕ ಅಂಕಿಯನ್ನಷ್ಟೇ ಇಟ್ಟುಕೊಳ್ಳುತ್ತದೆ, ಚರಿತ್ರೆ ಉಳಿಯುವುದು ವಾದ ಮಾಡುವವರ ನಾಲಿಗೆಯ ಮೇಲೆ.

ಹಾಗಾದರೆ ಯಾರೂ ವಾದ ಮಾಡದ ಗೆಲುವುಗಳ ಗತಿಯೇನು? ಭಾರತದ ಹೆಣ್ಣುಮಕ್ಕಳ ಕಾಲ್ಚೆಂಡು ತಂಡ 1980ರ ಆರಂಭದಲ್ಲಿ ಕೋಳಿಕ್ಕೋಡಿನಲ್ಲಿ ನಡೆದ ಏಷ್ಯಾ ಪಂದ್ಯಾವಳಿಯಲ್ಲಿ ಎರಡನೆಯ ಸ್ಥಾನ ಪಡೆಯಿತು. 1983ರಲ್ಲಿ ಬ್ಯಾಂಕಾಕಿನಲ್ಲಿ ಮತ್ತೆ ಎರಡನೆಯ ಸ್ಥಾನ. ಇಡೀ ಏಷ್ಯಾದಲ್ಲಿ ಎರಡನೆಯವರು, ಅದೂ ಎರಡು ಸಲ! ನಮ್ಮ ಜಗಲಿಗೆ ಆ ಸುದ್ದಿ ಬರಲೇ ಇಲ್ಲ. ಅವರು ಹೇಗೆ ಸೋತರು, ಗೆಲ್ಲಬಹುದಿತ್ತೇ, ಯಾರನ್ನು ಆಡಿಸಬೇಕಿತ್ತು ಎಂದು ಯಾವ ಅಣ್ಣತಮ್ಮಂದಿರೂ ಮುನಿಸಿಕೊಳ್ಳಲಿಲ್ಲ. ಬೈಯುವವರೂ ಇಲ್ಲದೆ ಅವರ ಸಾಧನೆ ಅಂಕಿಯಾಗಿಯಷ್ಟೇ ಉಳಿಯಿತು. ಅಜ್ಜಿ ಅಂದು ಮೊರ ಹಿಡಿದು ಹೇಳಿದ್ದು ಇದನ್ನೇ. ವಾಡೆಯ ತಳದಲ್ಲಿ ಉಳಿದ ಒಂದು ಕೊಳಗ ರಾಗಿಯೂ ಒಂದು ಗೋಲಿನ ಗೆಲುವೇ. ಅವಳಿಗೆ ಬೇಕಿದ್ದದ್ದು ಹೊಗಳಿಕೆಯಲ್ಲವೇನೋ. ‘ಇನ್ನೂ ಎರಡು ಕೊಳಗ ಉಳಿಸಬಹುದಿತ್ತು’ ಎಂದು ಯಾರಾದರೂ ವಾದಕ್ಕೆ ಬಂದಿದ್ದರೂ ಸಾಕಿತ್ತು. ಹೇಗೆ ಉಳಿಸಿದೆ ಎಂದು ಹೇಳಲು ಅವಳಿಗೆ ಒಂದು ಅವಕಾಶ ಸಿಗುತ್ತಿತ್ತು.

ನಮ್ಮ ಊರಿನ ಹಕ್ಕಿಗಳ ಕಥೆಯೂ ಇಂಥ ಸಣ್ಣ ಗೆಲುವುಗಳದೇ. 1976ರಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಹೊರಲೋಕಕ್ಕೆ ಪರಿಚಯಿಸುವ ಎಷ್ಟೋ ಮೊದಲಿನಿಂದ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ನಮ್ಮ ಮನೆಯಂಗಳದ ಮರಗಳಿಗೆ ಬಾಣಂತನಕ್ಕೆ ಬರುವ ಹೆಣ್ಣುಮಕ್ಕಳ ಹಾಗೆ ಬರುತ್ತಿವೆ. ಗೂಡಿನಿಂದ ಬಿದ್ದ ಮರಿಯನ್ನು ಎತ್ತಿ, ಮೀನು ತಿನ್ನಿಸಿ, ರೆಕ್ಕೆ ಬಲಿಯುವವರೆಗೆ ಸಾಕುವ ಕೆಲಸವನ್ನು 1994ರಿಂದ ಹೆಜ್ಜಾರ್ಲೆ ಬಳಗ ಊರಿನವರ ಜೊತೆ ಸೇರಿ ಮಾಡುತ್ತ ಬಂದಿದೆ. 2007ರಲ್ಲಿ ಊರು ಸಮುದಾಯ ಸಂರಕ್ಷಿತ ಪ್ರದೇಶವಾಯಿತು. 2017ರ ಕೊನೆಯಿಂದ ಕೆಲವು ತಿಂಗಳು ಹುಳುಬಾಧೆಯಿಂದ ಹತ್ತಾರು ಹೆಜ್ಜಾರ್ಲೆಗಳು ಸತ್ತು ಬಿದ್ದಾಗ ಊರೇ ಸೂತಕದಲ್ಲಿದ್ದಂತಿತ್ತು. ಮುಂದಿನ ವರ್ಷ ಹಕ್ಕಿಗಳು ಮತ್ತೆ ಬಂದವು. ಬದುಕಿದ ಒಂದು ಮರಿ ಹಾರಿಹೋದಾಗ ‘ಒಂದೇ ತಾನೆ’ ಎಂದು ನಮ್ಮೂರಿನಲ್ಲಿ ಯಾರೂ ಅನ್ನುವುದಿಲ್ಲ.

ಆದ್ದರಿಂದ ನಿಮ್ಮ ಮನೆಯ ಗಂಡಸರು ಟೀವಿಯ ಮುಂದೆ ಕೂತು ‘ಅದೂ ಒಂದು ಗೆಲುವೇ?’ ಎಂದು ಕೂಗಾಡುವಾಗ ಬೇಸರ ಮಾಡಿಕೊಳ್ಳಬೇಡಿ. ಪಕ್ಕದಲ್ಲಿ ಕೂತು ಒಂದು ಪಕ್ಷ ಹಿಡಿಯಿರಿ. ಆಮೇಲೆ, ಮೂವತ್ತನೆಯ ತಾರೀಖಿನವರೆಗೆ ಆ ತಿಂಗಳ ಸಂಬಳವನ್ನು ಹೇಗೆ ಎಳೆದು ತಂದಿರಿ, ಫೀಸು ಕಟ್ಟಲು ಆ ಕಡೆಯ ಐನೂರು ರೂಪಾಯಿ ಎಲ್ಲಿಂದ ಹುಟ್ಟಿತು ಎಂಬುದನ್ನೂ ಅದೇ ದನಿಯಲ್ಲಿ, ಅದೇ ಜಗಲಿಯಲ್ಲಿ ಚರ್ಚೆಗಿಡಿ. ಅವರು ತಪ್ಪು ಹುಡುಕಲಿ, ನೀವು ಸಮರ್ಥಿಸಿಕೊಳ್ಳಿ. ನಿಮ್ಮ ಒಂದು ಗೋಲಿನ ಲೆಕ್ಕವೂ ನಾಲ್ಕು ಜನರ ಬಾಯಲ್ಲಿ ಉಳಿಯಲಿ.